ಓಡದ ಕಾಲಿನ ನೋವು

ಅಳತೆ ಮತ್ತು ತೂಕದ ಕಚೇರಿಯ ಮೊಹರು ಗುಮಾಸ್ತರಿಗೆ ಸುಳ್ಳು ಹೇಳಿ ಅಭ್ಯಾಸವೇ ಇರಲಿಲ್ಲ. ಅದೇ ತೊಂದರೆಯಾದದ್ದು. ಅಭ್ಯಾಸವಿದ್ದವರಾಗಿದ್ದರೆ ಎಲ್ಲಿ ನಿಲ್ಲಿಸಬೇಕು ಅನ್ನುವುದು ಗೊತ್ತಿರುತ್ತಿತ್ತು.

ಅಂಗಡಿಯವರು ತರುವ ತೂಕದ ಬಟ್ಟುಗಳನ್ನು ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯಲ್ಲಿಟ್ಟು ನೋಡುವುದು, ಸಾಸಿವೆ ಕಾಳಿನಷ್ಟು ಕಡಿಮೆಯಿದ್ದರೂ ಮುಲಾಜಿಲ್ಲದೆ ವಾಪಸು ಕಳಿಸುವುದು, ಸರಿಯಿದ್ದರೆ ಸೀಸದ ಮೊಹರು ಒತ್ತುವುದು ಅವರ ಕೆಲಸ. ಇಪ್ಪತ್ತೆರಡು ವರ್ಷ ಇದನ್ನೇ ಮಾಡಿಕೊಂಡು ಬಂದಿದ್ದರು. ಎಂಥ ಕಿಲಾಡಿ ವ್ಯಾಪಾರಿಯೂ ಅವರ ಮೇಜಿನ ಮುಂದೆ ಬಂದರೆ ತಾನಾಗಿ ತನ್ನ ಹೊಟ್ಟೆಯನ್ನು ಒಳಗೆಳೆದುಕೊಂಡು ನಿಲ್ಲುತ್ತಿದ್ದ.

ಹೊಟ್ಟೆಯ ಮಾತು ಬಂತಲ್ಲ, ಕಥೆ ಶುರುವಾಗುವುದೂ ಅಲ್ಲಿಂದಲೇ. ಒಂದು ಭಾನುವಾರ ಬೆಳಿಗ್ಗೆ ಅವರ ಹೆಂಡತಿ ಬಟ್ಟೆಯ ಬೀರು ಖಾಲಿ ಮಾಡಿ, ನೆಲದ ತುಂಬ ಹಳೆಯ ಪೇಪರು ಹಾಸಿ, ಬೇಕಾದದ್ದು ಬೇಡವಾದದ್ದು ಬೇರೆ ಮಾಡುತ್ತಿದ್ದರು. ಬೂದು ಬಣ್ಣದ ಒಂದು ಪ್ಯಾಂಟನ್ನು ಎತ್ತಿ ಹಿಡಿದರು.

"ಇದನ್ನ ಯಾರಿಗಾದ್ರೂ ಕೊಟ್ಬಿಡ್ಲಾ? ನಿಮಗೆ ಇನ್ನಿದು ಆಗಲ್ಲ."

"ಯಾಕಾಗಲ್ಲ? ಮದುವೆಯಾದಾಗ ಇದ್ದ ಸೊಂಟ ಇವತ್ತಿಗೂ ಹಾಗೇ ಇದೆ."

"ಇದೆ. ಅದರ ಸುತ್ತ ಇನ್ನೊಂದು ಬಂದಿದೆ."

"ಹಾಕ್ಕೊಂಡು ತೋರಿಸ್ಲಾ?"

"ತೋರಿಸಿ. ಅಕ್ಕನ ಮನೆಗೆ ಹೋಗಿ ಹತ್ತು ನಿಮಿಷದಲ್ಲಿ ಬರ್ತೀನಿ. ಅಷ್ಟರಲ್ಲಿ ಹಾಕ್ಕೊಂಡು, ಗುಂಡಿ ಹಾಕಿ, ಉಸಿರಾಡ್ತಾ ನಿಂತಿರಿ," ಎಂದು ಹೆಂಡತಿ ಹೊರಟರು.

ಗುಮಾಸ್ತರು ಕೋಣೆಯ ಬಾಗಿಲು ಹಾಕಿಕೊಂಡರು. ಬಲಗಾಲನ್ನು ಎತ್ತಿ ಪ್ಯಾಂಟಿನೊಳಗೆ ತೂರಿಸಿದರು. ಅರ್ಧ ದಾರಿಯಲ್ಲಿ ಹೆಬ್ಬೆರಳು ಒಳಗಿನ ಮಡಿಕೆಯ ಹೊಲಿಗೆಗೆ ಸಿಕ್ಕಿಹಾಕಿಕೊಂಡಿತು. ಬಿಡಿಸಿಕೊಳ್ಳಲು ಎಡಗಾಲಿನ ಮೇಲೆ ಒಂದು ಸಲ ಕುಪ್ಪಳಿಸಿದರು. ಎರಡು ಸಲ ಕುಪ್ಪಳಿಸಿದರು. ಮೂರನೆಯ ಸಲ ಎಡಗಾಲು ಇಳಿದದ್ದು ನೆಲದ ಮೇಲಲ್ಲ, ಪೇಪರಿನ ಮೇಲೆ. ಪೇಪರು ನುಣ್ಣನೆಯ ನೆಲದ ಮೇಲೆ ಎಡಗಾಲನ್ನು ಕೂರಿಸಿಕೊಂಡು ಕಿಟಕಿಯ ಕಡೆಗೆ ಪ್ರಯಾಣ ಬೆಳೆಸಿತು. ಬಲಗಾಲು ಬಾಗಿಲ ಬಳಿಯೇ ಉಳಿಯಿತು. ಎರಡರ ನಡುವೆ ಎಲ್ಲೋ ಒಂದು ಕಡೆ 'ಪರ್' ಅಂದ ಹಾಗಾಯಿತು.

ಪ್ಯಾಂಟು ಹರಿಯಿತಲ್ಲ ಅಂತ ಗುಮಾಸ್ತರಿಗೆ ಮೊದಲು ಸಮಾಧಾನವೇ ಆಯಿತು. ಹರಿದ ಪ್ಯಾಂಟನ್ನು ಹಾಕಿ ತೋರಿಸು ಅಂತ ಯಾರೂ ಹೇಳುವುದಿಲ್ಲ. ಕೂತಲ್ಲೇ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಎಲ್ಲೂ ಒಂದು ಹೊಲಿಗೆ ಬಿಟ್ಟಿರಲಿಲ್ಲ. ಹರಿದದ್ದು ಬೇರೆ.

ಹೆಂಡತಿ ಬರುವ ಹೊತ್ತಿಗೆ ಅವರು ಪ್ಯಾಂಟನ್ನು ಹಾಸಿಗೆಯಡಿ ತುರುಕಿ, ಗೋಡೆ ಹಿಡಿದುಕೊಂಡು ಬಂದು ಬಾಗಿಲು ತೆಗೆದರು.

"ಯಾಕ್ರೀ ಕುಂಟ್ತಿದ್ದೀರಿ?"

ಇಲ್ಲಿ ಒಂದೇ ಒಂದು ನಿಜದ ಮಾತು ಆಡಿದ್ದರೆ ಈ ಕಥೆ ಮುಗಿದುಹೋಗುತ್ತಿತ್ತು. ಆದರೆ ಗುಮಾಸ್ತರ ಬಾಯಿಂದ ಬಂದದ್ದು, "ಓಡಿದೆ."

"ನಾಯಿ ಅಟ್ಟಿಸ್ಕೊಂಡು ಬಂತಾ?"

"ನಾಯಿ ಯಾಕೆ ಬೇಕು? ನಾನಾಗೇ ಓಡ್ತೀನಿ. ವ್ಯಾಯಾಮಕ್ಕೆ. ಬೆಳಿಗ್ಗೆ ಹಾಲು ತರೋಕೆ ಹೋಗ್ತೀನಲ್ಲ, ಆಗ. ಸ್ವಲ್ಪ ದಿನದಿಂದ ನೋವಿತ್ತು. ಇವತ್ತು ಜಾಸ್ತಿಯಾಯ್ತು."

ಹೆಂಡತಿ ಕೈಚೀಲ ಕೆಳಗಿಟ್ಟರು. ಮೂಲೆಯ ಅಂಗಡಿಯಿಂದ ಹಾಲು ತರುವುದಕ್ಕೆ ಈ ಮನುಷ್ಯನಿಗೆ ದಿನಾ ಮುಕ್ಕಾಲು ಗಂಟೆ ಯಾಕೆ ಬೇಕು ಅನ್ನುವುದು ಎಷ್ಟೋ ವರ್ಷದಿಂದ ಅವರನ್ನು ಕಾಡುತ್ತಿದ್ದ ಪ್ರಶ್ನೆ. ಪಾರ್ಕಿನ ಬೆಂಚಿನ ಮೇಲೆ ಕೂತು ಪಕ್ಕದವರ ಪೇಪರು ಓದುತ್ತಾರೆ ಎಂದು ಅನುಮಾನಪಟ್ಟಿದ್ದರು. ಅದೇ ನಿಜವೂ ಆಗಿತ್ತು. "ಛೆ, ನಾನು ಏನೇನೋ ಅಂದ್ಕೊಂಡಿದ್ದೆ," ಎಂದು ಅವರು ಮೆತ್ತಗಾದರು. ಅಂದು ಊಟಕ್ಕೆ ಗಂಡನಿಗೆ ಮೊದಲು ಬಡಿಸಿದರು.

ಮಾರನೆಯ ದಿನ ಗೇಟಿನ ಬಳಿ ಎದುರುಮನೆಯ ನಿವೃತ್ತ ಕಾಂಪೌಂಡರು ಹಿಡಿದರು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಮಾತ್ರೆ ಎಣಿಸಿಕೊಟ್ಟ ಅವರಿಗೆ ಈಗ ಬೀದಿಯೇ ಆಸ್ಪತ್ರೆ.

"ಎಲ್ಲಿ ನೋವು?"

"ಕಾಲು."

"ಕಾಲಲ್ಲಿ ಎಲ್ಲಿ? ಮಂಡಿನಾ?"

"ಇನ್ನೂ ಮೇಲೆ."

"ತೊಡೆನಾ?"

"ಸ್ವಲ್ಪ... ಮೇಲೆ."

"ಇನ್ನೂ ಮೇಲೆ ಹೋದ್ರೆ ಕಾಲೇ ಮುಗಿದುಹೋಗುತ್ತಲ್ರೀ!"

ಗುಮಾಸ್ತರು ಬೀದಿಯ ಎರಡೂ ಕಡೆ ನೋಡಿ, ದನಿ ತಗ್ಗಿಸಿ, "ತೊಡೆಸಂದು," ಎಂದರು.

"ತೊಡೆಸಂದಾ?" ಎಂದು ಕಾಂಪೌಂಡರು ಮೂರನೆಯ ಮನೆಗೆ ಕೇಳಿಸುವ ಹಾಗೆ ಕೂಗಿದರು. "ಹಾಗಾದ್ರೆ ಹರ್ನಿಯಾ. ಎಲ್ಲಿ, ಒಂದ್ಸಲ ಕೆಮ್ಮಿ. ಹೀಗಲ್ಲ, ಹೊಟ್ಟೆಯಿಂದ ಕೆಮ್ಮಿ!"

ಕಾಂಪೌಂಡರು ಕೆಮ್ಮಿ ತೋರಿಸಿದರು. ಗುಮಾಸ್ತರು ಕೆಮ್ಮಿದರು. ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದವರು ಬಗ್ಗಿ ನೋಡಿ, ಈ ಇಬ್ಬರೂ ಯಾರನ್ನು ಕರೆಯುತ್ತಿದ್ದಾರೆ ಎಂದು ತಾವೂ ಅತ್ತಿತ್ತ ಹುಡುಕಿದರು.

ಕಚೇರಿಯ ಮೆಟ್ಟಿಲಲ್ಲಿ ಸಾಹೇಬರು ಎದುರಾದರು. ತೂಕದ ಕಚೇರಿಯ ಈ ಮುಖ್ಯಸ್ಥರಿಗೆ ಜೀವನದಲ್ಲಿದ್ದದ್ದು ಒಂದೇ ಕೊರಗು. ಊರಿನ ಕಚೇರಿಗಳಿಗೆಲ್ಲ ಸೇರಿ ವರ್ಷಕ್ಕೊಮ್ಮೆ ಐದು ಕಿಲೋಮೀಟರಿನ ಓಟದ ಸ್ಪರ್ಧೆ ನಡೆಯುತ್ತಿತ್ತು. ಆರು ವರ್ಷದಿಂದ ಗೆದ್ದವರ ಬೆಳ್ಳಿ ಕಪ್ಪನ್ನು ನೀರು ಸರಬರಾಜು ಕಚೇರಿಯವರೇ ಹೊತ್ತುಕೊಂಡು ಹೋಗುತ್ತಿದ್ದರು. ಅವರ ಮುಖ್ಯಸ್ಥ ಕಪ್ಪನ್ನು ಕಿಟಕಿಯಲ್ಲಿಟ್ಟಿದ್ದ. ಆ ಕಿಟಕಿ ಇರುವುದು ಸಾಹೇಬರ ಕಿಟಕಿಗೆ ನೇರ ಎದುರಿಗೆ.

"ಏನ್ರೀ ಇದು ನಡಿಗೆ?"

"ಓಡುವಾಗ ಸ್ವಲ್ಪ ಹಿಡ್ಕೊಂಡಿದೆ ಸರ್."

ಸಾಹೇಬರ ಕಾಲು ಎರಡು ಮೆಟ್ಟಿಲಿನ ನಡುವೆ ನಿಂತಿತು. "ನೀವು ಓಡ್ತೀರಾ?"

"ಹೂಂ ಸರ್."

"ಎಷ್ಟು?"

ಗುಮಾಸ್ತರಿಗೆ ಓಟದ ಅಳತೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಬಟ್ಟಿನ ಅಳತೆ. ಕಿರಾಣಿ ಅಂಗಡಿಯವರು ತರುವ ದೊಡ್ಡ ಬಟ್ಟು ಯಾವುದೋ ಅದನ್ನೇ ಹೇಳಿದರು. "ಐದು ಕಿಲೋ... ಮೀಟರ್ ಸರ್."

"ದಿನಾ?"

ಗುಮಾಸ್ತರು ತಲೆಯನ್ನು ಹೌದೂ ಅಲ್ಲದ ಅಲ್ಲವೂ ಅಲ್ಲದ ಒಂದು ದಿಕ್ಕಿಗೆ ಆಡಿಸಿದರು. ಸಾಹೇಬರು ಅದನ್ನು ಹೌದು ಎಂದು ದಾಖಲು ಮಾಡಿಕೊಂಡು, ಅಲ್ಲೇ ಅವರ ಕೈಯಿಂದ ಊಟದ ಡಬ್ಬಿ ಇಸಿದುಕೊಂಡು, ಭುಜ ಹಿಡಿದು ಮೇಜಿನವರೆಗೆ ನಡೆಸಿಕೊಂಡು ಹೋದರು. ಇಪ್ಪತ್ತೆರಡು ವರ್ಷದಲ್ಲಿ ಸಾಹೇಬರೊಬ್ಬರು ಗುಮಾಸ್ತರ ಡಬ್ಬಿ ಹೊತ್ತದ್ದು ಅದೇ ಮೊದಲು. ಮಧ್ಯಾಹ್ನದೊಳಗೆ ಅವರ ಹೆಸರು ಸ್ಪರ್ಧೆಯ ಪಟ್ಟಿಗೆ ಹೋಗಿತ್ತು. ರವಾನೆ ವಿಭಾಗದ ಅಮ್ಮ ಆ ಪತ್ರವನ್ನು ಲಕೋಟೆಗೆ ಹಾಕುವ ಮುಂಚೆ ಪ್ರತಿ ಮೇಜಿನ ಮುಂದೆ ನಿಂತು ಓದಿದರು. ಮೊದಲ ಮೇಜಿನಲ್ಲಿ ಐದು ಕಿಲೋಮೀಟರು ಇದ್ದದ್ದು ಕೊನೆಯ ಮೇಜು ಮುಟ್ಟುವಾಗ ಹತ್ತಾಗಿತ್ತು.

"ಸರ್, ಕಾಲು ನೋವು..." ಎಂದು ಗುಮಾಸ್ತರು ಹೇಳಿದರು.

"ಸ್ಪರ್ಧೆಗೆ ಇನ್ನೂ ಆರು ವಾರ ಇದೆ. ಆಟಗಾರರಿಗೇ ಅಂತ ಒಬ್ಬ ಡಾಕ್ಟರಿದ್ದಾರೆ. ಬುಧವಾರಕ್ಕೆ ಹೇಳಿಟ್ಟಿದ್ದೀನಿ. ನಾನೇ ಕರ್ಕೊಂಡು ಹೋಗ್ತೀನಿ."

ಬುಧವಾರಕ್ಕೆ ಮುಂಚೆ ಮಂಗಳವಾರ ಬಂತು. ಮಂಗಳವಾರದ ಜೊತೆ ಭಾವನೂ ಬಂದರು. ಹೆಂಡತಿಯ ಅಣ್ಣ, ನಿವೃತ್ತ ಡ್ರಿಲ್ ಮೇಷ್ಟ್ರು. ತಂಗಿ ಫೋನಿನಲ್ಲಿ ಸುದ್ದಿ ಹೇಳಿದ್ದೇ ತಡ, ಕೊರಳಲ್ಲಿ ಸೀಟಿ, ಕೈಯಲ್ಲಿ ಸ್ಟಾಪ್‌ವಾಚು ಹಿಡಿದು ಮೊದಲ ಬಸ್ಸಿಗೇ ಬಂದಿಳಿದರು.

"ಅಬ್ಬಾ! ಇಷ್ಟು ವರ್ಷ ನಿಮ್ಮನ್ನ ಸೋಮಾರಿ ಅಂದ್ಕೊಂಡಿದ್ದೆ, ತಪ್ಪಾಯ್ತು. ವಾರಕ್ಕೆ ಎಷ್ಟು ಓಡ್ತೀರಿ?"

ದಿನಕ್ಕೆ ಹತ್ತು ಎಂದು ಆಗಲೇ ಊರೆಲ್ಲ ಹೇಳುತ್ತಿತ್ತು. ಗುಮಾಸ್ತರಿಗೆ ಲೆಕ್ಕ ತಪ್ಪಿ ಅಭ್ಯಾಸವಿಲ್ಲ. "ಎಪ್ಪತ್ತು," ಎಂದರು.

"ಎಪ್ಪತ್ತು!" ಭಾವ ಒಂದು ಸಲ ಸೀಟಿ ಊದಿದರು. "ಹಾಗಾದ್ರೆ ಇದು ಬರೀ ಬಿಗಿತ. ಎಳೆದ್ರೆ ಬಿಟ್ಕೊಳ್ಳುತ್ತೆ. ಮಲಗಿ."

"ಬೇಡ ಭಾವ..."

"ನಲವತ್ತು ವರ್ಷ ಮಕ್ಕಳ ಕಾಲು ಎಳೆದಿದ್ದೀನಿ, ಮಲಗಿ!"

ಭಾವ ಒಂದು ಕಾಲನ್ನು ಮೊಣಕಾಲಿನಿಂದ ಒತ್ತಿ ಹಿಡಿದು ಇನ್ನೊಂದನ್ನು ಬಾಗಿಲು ತೆರೆದ ಹಾಗೆ ತೆರೆದರು. ಗುಮಾಸ್ತರು ಹಾಕಿದ ಕೂಗಿಗೆ ಎದುರುಮನೆಯ ಕಾಂಪೌಂಡರು ಓಡಿ ಬಂದು, "ಈಗ ಕೆಮ್ಮಿದ್ದು ಸರಿಯಾಗಿತ್ತು," ಎಂದರು.

ಬುಧವಾರ ಆಟಗಾರರ ಆಸ್ಪತ್ರೆಗೆ ಕಚೇರಿಯ ಜೀಪು ಹೋಯಿತು. ಒಳಗೆ ಉದ್ದನೆಯ ಬೆಂಚಿನ ತುಂಬ ಕಟ್ಟುಮಸ್ತಾದ ಹುಡುಗ ಹುಡುಗಿಯರು ಮಂಡಿಗೆ, ಹಿಮ್ಮಡಿಗೆ, ತೊಡೆಗೆ ಪಟ್ಟಿ ಸುತ್ತಿಕೊಂಡು ಕೂತಿದ್ದರು. ಅವರ ನಡುವೆ ಗುಮಾಸ್ತರು ಹೊಟ್ಟೆಯ ಮೇಲೆ ಕೈಚೀಲ ಇಟ್ಟುಕೊಂಡು ಕೂತರು. ಹೆಸರು ಕರೆದಾಗ ಸಾಹೇಬರೂ ಭಾವನೂ ಬೇಡವೆಂದರೂ ಕೇಳದೆ ಜೊತೆಗೆ ನುಗ್ಗಿದರು.

ಡಾಕ್ಟರಮ್ಮ ನಗುವ ಪೈಕಿ ಅಲ್ಲ. ಕೈಯಲ್ಲೊಂದು ಫಾರಂ ಇತ್ತು.

"ವಾರಕ್ಕೆ ಎಷ್ಟು ಓಡ್ತೀರಿ?"

"ಎಪ್ಪತ್ತು," ಎಂದರು ಭಾವ.

"ಅವರು ಹೇಳಲಿ. ಎಷ್ಟು ದಿನದಿಂದ?"

ಸಾಹೇಬರು ಗುಮಾಸ್ತರನ್ನೇ ನೋಡುತ್ತಿದ್ದರು. ಕಣ್ಣಲ್ಲಿ ಆಗಲೇ ಓಟದ ಕಪ್ಪು ಮಿನುಗುತ್ತಿತ್ತು. ಗುಮಾಸ್ತರು, "ಮೊದಲು ಕಡಿಮೆ ಇತ್ತು. ಈಚೆಗೆ ಜಾಸ್ತಿ ಮಾಡಿದೆ," ಎಂದರು.

"ನೋವು ಥಟ್ಟನೆ ಬಂತಾ, ನಿಧಾನಕ್ಕೆ ಬಂತಾ?"

ಥಟ್ಟನೆ ಅಂದರೆ ಎಲ್ಲಿ, ಹೇಗೆ ಅನ್ನುವ ಪ್ರಶ್ನೆ ಬರುತ್ತದೆ. "ನಿಧಾನಕ್ಕೆ."

"ಓಡಿದಷ್ಟೂ ಹೆಚ್ಚಾಗ್ತಿತ್ತಾ?"

"ಹೌದು. ಆದ್ರೂ ಓಡಿದೆ."

"ಭೇಷ್," ಎಂದರು ಸಾಹೇಬರು.

ಡಾಕ್ಟರಮ್ಮನಿಗೆ ಅದು ಭೇಷಾಗಿ ಕಾಣಲಿಲ್ಲ. "ಸುಮ್ಮನೆ ಮಲಗಿದ್ದಾಗಲೂ ನೋವಿದೆಯಾ?"

ಭಾವ ಎಳೆದ ಮೇಲೆ ಅದೂ ಇತ್ತು. "ಇದೆ."

"ಒಂದೇ ಕಾಲಲ್ಲಿ ಕುಪ್ಪಳಿಸಿದ್ರೆ?"

ಇಷ್ಟು ಪ್ರಶ್ನೆಗಳಲ್ಲಿ ಗುಮಾಸ್ತರು ಅನುಭವದಿಂದ ಉತ್ತರಿಸಬಹುದಾಗಿದ್ದದ್ದು ಇದೊಂದೇ. "ಅಯ್ಯೋ, ಕುಪ್ಪಳಿಸಿದ್ದಕ್ಕೇ ತಾನೆ..." ಎಂದು ಮನಃಪೂರ್ವಕವಾಗಿ ಶುರುಮಾಡಿ, ಸಾಹೇಬರ ಮುಖ ಕಂಡು ನುಂಗಿಕೊಂಡರು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಕುರ್ಚಿಯಿಂದ ಏಳಬೇಡಿ."

"ಯಾಕಮ್ಮಾ?"

"ತೊಡೆಸಂದಿನ ನೋವೆಲ್ಲ ಸ್ನಾಯುವಿನದ್ದೇ ಆಗಿರಲ್ಲ. ದೂರ ಓಡೋರು ಇದ್ದಕ್ಕಿದ್ದ ಹಾಗೆ ಹೆಚ್ಚು ಓಡಿದ್ರೆ ತೊಡೆಮೂಳೆಯ ಕತ್ತಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತೆ. ನೀವು ಹೇಳಿದ್ದೆಲ್ಲ ಅದಕ್ಕೇ ಹೊಂದುತ್ತೆ. ಗಮನಿಸದೆ ಓಡಾಡಿದ್ರೆ ಪೂರ್ತಿ ಮುರಿಯಬಹುದು. ಆಮೇಲೆ ಆಪರೇಷನ್ನೇ. ಶುಕ್ರವಾರ ಸ್ಕ್ಯಾನ್ ಮಾಡೋಣ. ಅಲ್ಲೀವರೆಗೆ ಎಡಗಾಲು ನೆಲಕ್ಕೆ ತಾಗಕೂಡದು."

ಭಾವ ತಾವು ಎಳೆದ ಕಾಲನ್ನು ನೋಡಿ, ಸೀಟಿಯನ್ನು ಮೆಲ್ಲಗೆ ಅಂಗಿಯೊಳಗೆ ಬಿಟ್ಟುಕೊಂಡರು.

ಗುಮಾಸ್ತರು ಎರಡು ಊರುಗೋಲಿನ ಮೇಲೆ ತೂಗಾಡುತ್ತ ಮನೆಗೆ ಬಂದರು. ಬೀದಿಗೆ ಬೀದಿಯೇ ಬಾಗಿಲಿಗೆ ಬಂತು. ಮೂಳೆ ಬಿರಿಯುವ ತನಕ ಓಡಿದ ಮನುಷ್ಯನನ್ನು ಆ ಬೀದಿ ಅದುವರೆಗೆ ಕಂಡಿರಲಿಲ್ಲ. ಕಾಂಪೌಂಡರು ಹರ್ನಿಯಾವನ್ನು ಕೈಬಿಟ್ಟು, "ಮೂಳೆ ಅಂತ ನನಗೆ ಮೊದಲೇ ಅನ್ನಿಸಿತ್ತು. ಕೆಮ್ಮಿನಲ್ಲೇ ಗೊತ್ತಾಯ್ತು," ಎಂದು ಬಂದವರಿಗೆಲ್ಲ ವಿವರಿಸಿದರು. ಕಚೇರಿಯ ಸೂಚನಾ ಫಲಕದಲ್ಲಿ 'ನಮ್ಮ ಓಟಗಾರರು ಬೇಗ ಗುಣಮುಖರಾಗಲಿ' ಎಂಬ ಬರಹ ಬಿತ್ತು. ಸ್ಫೂರ್ತಿಗೊಂಡ ಇಬ್ಬರು ತಪಾಸಕರು ಊಟದ ಹೊತ್ತಿನಲ್ಲಿ ಗೋದಾಮಿನ ಸುತ್ತ ಓಡಲು ಹೋಗಿ, ಎದುರುಬದುರಾಗಿ ಓಡಿದ್ದರಿಂದ ಮೂಲೆಯಲ್ಲಿ ಡಿಕ್ಕಿ ಹೊಡೆದುಕೊಂಡರು.

ಇದನ್ನೆಲ್ಲ ಗುಮಾಸ್ತರು ಹೇಗೋ ತಡೆದುಕೊಳ್ಳುತ್ತಿದ್ದರು. ತಡೆಯಲಾಗದೆ ಹೋದದ್ದು ಹೆಂಡತಿಯ ಮಾತು. ಗುರುವಾರ ಬೆಳಿಗ್ಗೆ ಅವರು ಅಕ್ಕನ ಜೊತೆ ಫೋನಿನಲ್ಲಿ ಮಾತಾಡುವುದು ಒಳಕೋಣೆಗೆ ಕೇಳಿಸಿತು.

"ಇಲ್ಲ ಕಣೇ, ನಾನು ಬರಲ್ಲ. ನೀನು ಹೋಗು. ಸಮುದ್ರ ಎಲ್ಲೂ ಓಡಿಹೋಗಲ್ಲ, ಮುಂದೆ ಯಾವಾಗಲಾದ್ರೂ ನೋಡಿದ್ರಾಯ್ತು. ತಪ್ಪು ನಂದೇ. ಸೊಂಟದ ಸುತ್ತ ಇನ್ನೊಂದು ಸೊಂಟ ಬಂದಿದೆ ಅಂತ ಅವರನ್ನ ಆಡ್ಕೊಂಡೆ."

ಅಕ್ಕ ತಂಗಿ ಇಬ್ಬರೂ ಸೇರಿ ಹತ್ತು ದಿನ ಸಮುದ್ರ ನೋಡಿ ಬರುವುದೆಂದು ಎಂಟು ತಿಂಗಳಿಂದ ಮಾತಾಡಿಕೊಂಡಿದ್ದರು. ಭಾನುವಾರ ರೈಲು. ಹೆಂಡತಿ ಹುಟ್ಟಿದ ಮೇಲೆ ಸಮುದ್ರ ನೋಡಿದವರಲ್ಲ. ಅದಕ್ಕೆಂದೇ ಹೊಲಿಸಿದ ಎರಡು ಹತ್ತಿಯ ರವಿಕೆ, ಅಗಲ ಅಂಚಿನ ಟೋಪಿ ಪೆಟ್ಟಿಗೆಯಲ್ಲಿ ಸಿದ್ಧವಾಗಿದ್ದವು. ಈಗ ಒಳಗೆ ಬಂದು ಆ ಟೋಪಿಯನ್ನು ಹೊರತೆಗೆದು ಬೀರುವಿನ ಮೇಲೆ ಇಡುತ್ತಿದ್ದರು.

ಗುಮಾಸ್ತರು ಹಾಸಿಗೆಯಲ್ಲಿ ಎದ್ದು ಕೂತರು. ನಿಜ ಹೇಳಿಬಿಡಬೇಕೆಂದು ತೀರ್ಮಾನಿಸಿದರು.

"ಇಲ್ನೋಡು. ನಾನು ಓಡೇ ಇಲ್ಲ."

"ಇನ್ನು ಓಡೋದು ಬೇಡ ಬಿಡಿ," ಎಂದು ಹೆಂಡತಿ ಹೊದಿಕೆ ಸರಿಮಾಡಿದರು.

"ಇನ್ನು ಅಲ್ಲ ಕಣೇ. ಯಾವತ್ತೂ ಓಡಿಲ್ಲ. ಹಾಲಿನಂಗಡಿಗೆ ನಡ್ಕೊಂಡೇ ಹೋಗ್ತೀನಿ. ಅದೂ ನಿಧಾನಕ್ಕೆ."

ಹೆಂಡತಿಯ ಕೈ ನಿಂತಿತು. ಗಾಬರಿಯಿಂದ, "ಅಣ್ಣಾ, ಇಲ್ಲಿ ಬಾ!" ಎಂದು ಕೂಗಿದರು. ಭಾವ ಬಂದರು. ಅವರ ಹಿಂದೆ, ಕಾಫಿ ಕುಡಿಯುತ್ತ ಕೂತಿದ್ದ ಕಾಂಪೌಂಡರೂ ಲೋಟ ಹಿಡಿದೇ ಬಂದರು.

"ಓಡೇ ಇಲ್ಲ ಅಂತಿದ್ದಾರೆ!"

ಭಾವನ ಕಣ್ಣು ತೇವವಾಯಿತು. "ಇದೇ ನೋಡು ನಿಜವಾದ ಓಟಗಾರನ ಲಕ್ಷಣ. ಇಷ್ಟು ಮಾಡಿಯೂ ಏನೂ ಮಾಡಿಲ್ಲ ಅಂತಾರೆ. ನನ್ನ ಕೈಕೆಳಗೆ ಇಂಥವರು ಇಬ್ಬರು ಸಿಕ್ಕಿದ್ರೆ ಸಾಕಿತ್ತು."

"ವಿನಯ ಅಲ್ಲ ಸ್ವಾಮಿ," ಎಂದರು ಕಾಂಪೌಂಡರು. "ದೊಡ್ಡ ಪೆಟ್ಟು ಬಿದ್ದವರು ಹೀಗೇ. ಆಗಿದ್ದನ್ನ ಮನಸ್ಸು ಒಪ್ಪಲ್ಲ. ಎದುರು ಹೇಳೋಕೆ ಹೋಗಬೇಡಿ, ಹೂಂ ಅಂದ್ಬಿಡಿ."

"ಪ್ಯಾಂಟು ಹಾಕ್ಕೊಳ್ಳುವಾಗ ಜಾರಿದೆ!" ಎಂದು ಗುಮಾಸ್ತರು ಚೀರಿದರು.

ಮೂವರೂ ಒಟ್ಟಿಗೆ ತಲೆಯಾಡಿಸಿ, ಮಗುವಿಗೆ ಹೇಳುವ ಹಾಗೆ, "ಹೂಂ," ಎಂದರು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು ಅಡುಗೆಮನೆಗೆ ಹೋದರು. ಸುಳ್ಳು ಹೇಳಿದಾಗ ತುಟಿ ಮುಚ್ಚುವ ಮೊದಲೇ ನಂಬಿದ್ದ ಜನ ಇವರೇ ಅಲ್ಲವೇ ಎಂದು ಗುಮಾಸ್ತರು ಮಾಡಿನ ಜಂತಿ ನೋಡುತ್ತ ಮಲಗಿದರು.

ಶುಕ್ರವಾರ ಸ್ಕ್ಯಾನಾಯಿತು. ಗುಮಾಸ್ತರನ್ನು ಒಂದು ಕೊಳವೆಯೊಳಗೆ ತಳ್ಳಿ ಅರ್ಧ ಗಂಟೆ ತಗಡು ಬಡಿದ ಹಾಗೆ ಸದ್ದು ಮಾಡಿ ಹೊರಗೆಳೆದರು. ಡಾಕ್ಟರಮ್ಮ ಚಿತ್ರಗಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಸಾಹೇಬರು, ಭಾವ, ಹೆಂಡತಿ ಮೂವರೂ ಅವರ ಬೆನ್ನ ಹಿಂದೆ ಕತ್ತು ಚಾಚಿ ನಿಂತಿದ್ದರು.

"ನೀವೆಲ್ಲ ಸ್ವಲ್ಪ ಹೊರಗಿರಿ," ಎಂದರು ಡಾಕ್ಟರಮ್ಮ.

ಬಾಗಿಲು ಮುಚ್ಚಿದ ಮೇಲೆ ಗುಮಾಸ್ತರ ಕಡೆ ತಿರುಗಿದರು. "ಮೂಳೆ ಚೆನ್ನಾಗಿದೆ. ಬಿರುಕು ಇಲ್ಲ. ತೊಡೆಯ ಒಳಭಾಗದ ಸ್ನಾಯು ಸ್ವಲ್ಪ ಹರಿದಿದೆ. ಥಟ್ಟನೆ ಆಗಿದ್ದು, ನಿಧಾನಕ್ಕೆ ಆಗಿದ್ದಲ್ಲ. ಹರಿದ ಮೇಲೆ ಯಾರೋ ಎಳೆದು ಜಾಸ್ತಿ ಮಾಡಿದ್ದಾರೆ. ಎಪ್ಪತ್ತು ಕಿಲೋಮೀಟರು ಓಡೋರ ಕಾಲು ದಿನಕ್ಕೆ ಎಷ್ಟೋ ನೋಡ್ತೀನಿ. ಇದು ಆ ಪೈಕಿ ಅಲ್ಲ. ಏಳು ಕಿಲೋಮೀಟರು ಓಡಿದ ಕಾಲೂ ಅಲ್ಲ. ಹೇಳಿ, ಏನಾಯ್ತು?"

ಗುಮಾಸ್ತರು ಎಲ್ಲ ಹೇಳಿದರು. ಪ್ಯಾಂಟು, ಹೊಲಿಗೆ, ಹೆಬ್ಬೆರಳು, ಪೇಪರು. ಪೇಪರು ಯಾವ ದಿಕ್ಕಿಗೆ ಹೋಯಿತು ಅನ್ನುವುದನ್ನೂ ಬಿಡಲಿಲ್ಲ. ಡಾಕ್ಟರಮ್ಮ ನಗಲಿಲ್ಲ. ಅವರು ಒಂದೊಂದನ್ನೂ ಬರೆದುಕೊಂಡದ್ದು ಗುಮಾಸ್ತರಿಗೆ ನಕ್ಕಿದ್ದಕ್ಕಿಂತ ಕಷ್ಟವಾಯಿತು.

ಆಮೇಲೆ ಅವರ ಎರಡು ಮಂಡಿಗಳ ನಡುವೆ ಒಂದು ಚೆಂಡಿಟ್ಟು, "ಅದುಮಿ," ಎಂದರು. ಗುಮಾಸ್ತರು ಅದುಮಿ, "ಅಮ್ಮಾ!" ಎಂದರು. "ಇದೇ," ಎಂದು ಡಾಕ್ಟರಮ್ಮ ಗುರುತು ಹಾಕಿದರು.

"ನಿಮ್ಮಿಂದ ತಪ್ಪಾಯ್ತು ಅಂತ ನಾನು ಹೇಳಲ್ಲ ಡಾಕ್ಟ್ರೇ..."

"ನನ್ನದೇನೂ ತಪ್ಪಾಗಿಲ್ಲ. ನೀವು ಸುಳ್ಳು ಹೇಳಿದ್ರಿ, ನಾನು ಆ ಸುಳ್ಳಿಗೆ ಸರಿಯಾದ ಚಿಕಿತ್ಸೆ ಕೊಟ್ಟೆ," ಎಂದರು ಅವರು. "ಇನ್ನು ಮೇಲೆ ಎಳೆಯೋದು ಬೇಡ, ಬಲ ತುಂಬಬೇಕು. ಮೊದಲು ಚೆಂಡು ಅದುಮೋದು. ಆಮೇಲೆ ಏಡಿಯ ಹಾಗೆ ಅಡ್ಡಡ್ಡ ಹೆಜ್ಜೆ. ಆಮೇಲೆ ನಡಿಗೆ, ವಾರ ವಾರಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚು. ಆರನೇ ವಾರಕ್ಕೆ ಐದು ಕಿಲೋಮೀಟರು ಆರಾಮಾಗಿ ನಡೀತೀರಿ. ಊರುಗೋಲು ಬೇಡ. ಹೊರಗಿರೋರಿಗೆ ನೀವೇ ಹೇಳ್ತೀರೋ, ನಾನು ಹೇಳ್ಲೋ?"

ಗುಮಾಸ್ತರು ಕಾಲೂರಿ ಹೊರಗೆ ಬಂದರು. ಊರುಗೋಲಿಲ್ಲದೆ ಬಂದದ್ದು ಕಂಡು ಭಾವ ಚಪ್ಪಾಳೆ ತಟ್ಟಿದರು. ಬೆಂಚಿನ ಮೇಲಿದ್ದ ಆಟಗಾರರೆಲ್ಲ ತಲೆಯೆತ್ತಿದರು.

"ನಾನು ಓಡಿ ಕಾಲು ನೋಯಿಸ್ಕೊಂಡಿಲ್ಲ," ಎಂದು ಗುಮಾಸ್ತರು, ಅಂಗಡಿಯವನ ಬಟ್ಟನ್ನು ತಿರಸ್ಕರಿಸುವಾಗ ಆಡುವ ಗಟ್ಟಿ ದನಿಯಲ್ಲಿ ಹೇಳಿದರು. "ಹಳೇ ಪ್ಯಾಂಟು ಹಾಕ್ಕೊಳ್ಳೋಕೆ ಹೋಗಿ ಪೇಪರಿನ ಮೇಲೆ ಜಾರಿದೆ. ಡಾಕ್ಟರಮ್ಮ ಬರ್ಕೊಂಡಿದ್ದಾರೆ. ಬೇಕಾದ್ರೆ ಕೇಳಿ."

ಬರಹದಲ್ಲಿದೆ ಅಂದಮೇಲೆ ನಂಬದೆ ವಿಧಿಯಿರಲಿಲ್ಲ. ಸಾಹೇಬರು ಒಂದು ಹೆಜ್ಜೆ ಮುಂದೆ ಬಂದರು. "ದಿನಕ್ಕೆ ಐದು ಕಿಲೋಮೀಟರು?"

"ಒಂದು ಮೀಟರೂ ಇಲ್ಲ ಸರ್."

ಸಾಹೇಬರು ಗೋಡೆಯ ಕಡೆ ತಿರುಗಿ ನಿಂತರು. ಅಲ್ಲಿ ಮನುಷ್ಯನ ಸ್ನಾಯುಗಳ ಒಂದು ದೊಡ್ಡ ಚಿತ್ರ ತೂಗುಹಾಕಿತ್ತು. ಚರ್ಮವಿಲ್ಲದ ಆ ಮನುಷ್ಯ ಕೂಡ ಗುಮಾಸ್ತರಿಗಿಂತ ಆರೋಗ್ಯವಾಗಿ ಕಾಣುತ್ತಿದ್ದ.

ಹೆಂಡತಿ ಮಾತ್ರ ಹತ್ತಿರ ಬಂದರು. "ಹಾಗಾದ್ರೆ ದಿನಾ ಬೆಳಿಗ್ಗೆ ಮುಕ್ಕಾಲು ಗಂಟೆ?"

"ಪಾರ್ಕಿನ ಬೆಂಚು."

"ಒಬ್ಬರೇನಾ?"

"ಪಕ್ಕದಲ್ಲಿ ಒಬ್ಬರು ಮುದುಕರು ಕೂತಿರ್ತಾರೆ. ಅವರ ಪೇಪರು ಓದ್ತೀನಿ. ಅವರು ಬೇಗ ಪುಟ ತಿರುವಿಬಿಡ್ತಾರೆ, ಅದಕ್ಕೇ ತಡ ಆಗೋದು."

"ಎರಡು ದಿನ ಅತ್ತಿದ್ದೀನ್ರೀ ನಾನು."

"ಗೊತ್ತು. ಟೋಪಿ ಬೀರುವಿನ ಮೇಲಿದೆ, ಇಳಿಸಿಕೊಡ್ತೀನಿ. ಭಾನುವಾರ ರೈಲಿಗೆ ಹೊರಡು."

ಹೆಂಡತಿ ಅವರನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಆ ಇಡೀ ಆಸ್ಪತ್ರೆ ತಿರುಗಿ ನೋಡುವ ಹಾಗೆ ನಗಲು ಶುರುಮಾಡಿದರು. ಮೊದಲು ಬೆಂಚಿನ ತುದಿಯ ಹುಡುಗಿ ನಕ್ಕಳು, ಆಮೇಲೆ ಪಟ್ಟಿ ಸುತ್ತಿಕೊಂಡವರೆಲ್ಲ ನೋವಿನ ಜಾಗ ಹಿಡಿದುಕೊಂಡು ನಕ್ಕರು. ಭಾವ ನಗಲಿಲ್ಲ. ಸ್ನಾಯುವನ್ನು ಎಳೆದದ್ದು ಯಾರೆಂದು ಡಾಕ್ಟರಮ್ಮ ವಿಚಾರಿಸುತ್ತಿದ್ದರು.

ಭಾನುವಾರ ಹೆಂಡತಿ ಟೋಪಿ ಹಾಕಿಕೊಂಡೇ ರೈಲು ಹತ್ತಿದರು. ಭಾವನನ್ನು ಗಂಡನ ಕಾಲು ನೋಡಿಕೊಳ್ಳಲು ಬಿಟ್ಟು, ಮುಟ್ಟಕೂಡದು ಎಂದು ತಾಕೀತು ಮಾಡಿದರು. ಭಾವ ಎರಡು ಗಜ ದೂರ ನಿಂತು ಸೀಟಿ ಊದಿದರು, ಗುಮಾಸ್ತರು ಚೆಂಡು ಅದುಮಿದರು. ಮೂರನೆಯ ದಿನ ಫೋನು ಬಂತು. ಅಲೆಗಳ ಸದ್ದಿನಲ್ಲಿ ಹೆಂಡತಿಯ ಮಾತು ಅರ್ಧ ಕೇಳಿಸಲಿಲ್ಲ. ಕೇಳಿಸಿದ ಅರ್ಧದಲ್ಲಿ ಅವರು ಖುಷಿಯಾಗಿದ್ದರು.

ಸಾಹೇಬರು ಮಾತ್ರ ನಾಲ್ಕು ವಾರ ಮಾತಾಡಲಿಲ್ಲ. ಐದನೆಯ ವಾರ, ಸ್ಪರ್ಧೆಗೆ ಮೂರು ದಿನ ಇರುವಾಗ, ಗುಮಾಸ್ತರನ್ನು ಒಳಗೆ ಕರೆದರು.

"ಹೇಗೂ ನಡೀಬೇಕಂತಲ್ಲ ನೀವು. ಅಳತೆಯ ಚಕ್ರ ತಗೊಂಡು ಆ ಓಟದ ದಾರಿ ನಡ್ಕೊಂಡು ಬನ್ನಿ. ದಾರಿ ಗುರುತು ಮಾಡೋರು ನೀರಿನವರೇ. ನನಗ್ಯಾಕೋ ಅನುಮಾನ."

ಗುಮಾಸ್ತರು ಉದ್ದ ಹಿಡಿಯ ಚಕ್ರ ಉರುಳಿಸುತ್ತ ಹೊರಟರು. ಕೆರೆಯ ಏರಿ ದಾಟಿ, ಮರದ ಸಾಲಿನಲ್ಲಿ ತಿರುಗಿ, ಕೊನೆಯ ಕಂಬ ಮುಟ್ಟಿದಾಗ ಬಗ್ಗಿ ನೋಡಿದರು. ನಂಬದೆ ಮಾರನೆಯ ದಿನ ಇನ್ನೊಮ್ಮೆ ಉರುಳಿಸಿದರು. ನಾಲ್ಕು ಸಾವಿರದ ಆರುನೂರ ನಲವತ್ತು ಮೀಟರು. ಒಂದು ಕೂದಲೂ ಹೆಚ್ಚಿಲ್ಲ.

ಸಾಹೇಬರು ಆ ಕಾಗದವನ್ನು ಕಿಟಕಿಯ ಬಳಿ ನಿಂತು ಓದಿದರು. ಓದಿ ಮುಗಿಸಿ ಗುಮಾಸ್ತರ ಕೈ ಹಿಡಿದುಕೊಂಡು, "ಆರು ವರ್ಷದಿಂದ ಯಾವನೂ ಐದು ಕಿಲೋಮೀಟರು ಓಡಿಲ್ಲ!" ಎಂದರು. ನೀರಿನವರು ಎಷ್ಟು ಕೂಗಾಡಿದರೂ ಮೊಹರು ಬಿದ್ದ ಅಳತೆಯ ಎದುರು ಏನೂ ನಡೆಯಲಿಲ್ಲ. ಕೊನೆಯ ಕಂಬವನ್ನು ಕಿತ್ತು ಮುನ್ನೂರ ಅರವತ್ತು ಮೀಟರು ಆಚೆ ನೆಟ್ಟರು.

ಸ್ಪರ್ಧೆಯ ದಿನ ನೀರಿನವರ ಕಡೆಯ ಓಟಗಾರ, ಪೈಪಿನ ಗಾಲಿ ತಿರುಗಿಸುವ ವಾಲ್ವಿನವನು, ಎಂದಿನಂತೆ ಎಲ್ಲರಿಗಿಂತ ಮುಂದಿದ್ದ. ಕೊನೆಯ ತಿರುವಿನಲ್ಲಿ ಆರು ವರ್ಷದ ರೂಢಿಯಂತೆ ಇದ್ದ ಬಲವನ್ನೆಲ್ಲ ಹಾಕಿ ನುಗ್ಗಿದ. ಹಳೆಯ ಕಂಬದ ಗುಂಡಿಯ ಬಳಿ ಬಂದು ಎರಡೂ ಕೈ ಮೇಲೆತ್ತಿದ. ಯಾರೂ ಹಾರ ಹಾಕಲಿಲ್ಲ. "ಇನ್ನೂ ಇದೆ ಕಣೋ, ಓಡು!" ಎಂದು ಅವನ ಮುಖ್ಯಸ್ಥ ಅರಚಿದ. ನಿಂತಿದ್ದವನು ಗಾಬರಿಯಾಗಿ ಥಟ್ಟನೆ ಜಿಗಿದು ಓಡಲು ಹೋದ, ನಾಲ್ಕು ಹೆಜ್ಜೆಗೆ ತೊಡೆಯ ಹಿಂಭಾಗ ಹಿಡಿದುಕೊಂಡು ಕುಸಿದ. ಹಿಂದಿನಿಂದ ಬಂದ ಅಂಚೆ ಕಚೇರಿಯ ಹೆಣ್ಣುಮಗಳೊಬ್ಬಳು ಅವನನ್ನು ಸುತ್ತಿಕೊಂಡು ಹೋಗಿ, ಏದುಸಿರೂ ಬಿಡದೆ ಕಪ್ಪು ತೆಗೆದುಕೊಂಡಳು. ಸಾಹೇಬರ ಕಿಟಕಿಯಿಂದ ಅಂಚೆ ಕಚೇರಿ ಕಾಣುವುದಿಲ್ಲ. ಅಷ್ಟಕ್ಕೇ ಅವರು ತೃಪ್ತರಾದರು.

ಬಿದ್ದವನ ಕಡೆಗೆ ಮೊದಲು ಓಡಿದ್ದು ಭಾವ. "ಬಿಗಿತ! ಎಳೆದ್ರೆ ಬಿಟ್ಕೊಳ್ಳುತ್ತೆ!" ಎಂದು ಕಾಲಿಗೆ ಕೈಹಾಕಿದರು.

"ಎಳೀಬೇಡಿ ಭಾವ!" ಎಂದು ಗುಮಾಸ್ತರು ಕೈಯಲ್ಲಿದ್ದ ಅಳತೆಯ ಚಕ್ರವನ್ನು ಅಡ್ಡ ಇಟ್ಟರು. ಐಸು ತರಿಸಿ ಟವೆಲಿನಲ್ಲಿ ಸುತ್ತಿ ತೊಡೆಯಡಿ ಇಟ್ಟರು. ಆಮೇಲೆ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಸುತ್ತಲಿದ್ದವರನ್ನು ದೂರ ಸರಿಸಿ, ಅವನ ಕಿವಿಯ ಬಳಿ ಮೆಲ್ಲಗೆ ಕೇಳಿದರು.

"ಹೇಗಾಯ್ತು ಇದು? ನಾಚ್ಕೋಬೇಡಿ. ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಬೇಗ ವಾಸಿಯಾಗುತ್ತೆ."

ವಾಲ್ವಿನವನು ನೋವಿನಲ್ಲೂ ಕಣ್ಣು ಕೆಕ್ಕರಿಸಿ ನೋಡಿದ. "ಹೇಗಾಯ್ತು ಅಂದ್ರೆ? ಕಾಣಲ್ವೇನ್ರೀ ನಿಮಗೆ? ಓಡ್ತಿದ್ದೆ!"

ಗುಮಾಸ್ತರು ಐಸಿನ ಟವೆಲನ್ನು ಸರಿಮಾಡಿದರು. ಅಷ್ಟು ಹೊಟ್ಟೆಕಿಚ್ಚು ಅವರಿಗೆ ಜೀವಮಾನದಲ್ಲಿ ಯಾರ ಮೇಲೂ ಬಂದಿರಲಿಲ್ಲ.

"ಪುಣ್ಯವಂತರು," ಎಂದರು.